ಬಾಟಲಿ ತುಂಬ ಗಂಡು

(ಶಿರಾ ತಾಲ್ಲೂಕು, ಗೌಡಗೆರೆ ಹೋಬಳಿ. ರೋಹಿಣಿ ಮಳೆ ಒಂದೆರಡು ಸಲ ಹನಿದಿದೆ. ಬಾದಾಮಿ, ರಸಪುರಿ ಮಾವು ಕುಯ್ದಾಗಿದೆ. ತೋತಾಪುರಿ, ನೀಲಂ ಇನ್ನೂ ಮರದಲ್ಲಿವೆ. ಮಾತಾಡುತ್ತಿರುವವರು ತೋಟದ ಯಜಮಾನ ಮತ್ತು ತೋಟಗಾರಿಕೆ ಓದಿದ ಅವರ ಅಣ್ಣನ ಮಗಳು.)

— ಬಾ ತಾಯಿ, ನೀನೇ ನೋಡು. ಬಾಟಲಿ ತಳದಾಗೆ ಒಂದು ಹಿಡಿ ಊಜಿ ನೊಣ ಬಿದ್ದವೆ. ಇಷ್ಟು ಸತ್ತ ಮೇಲೂ ನೀಲಂ ಕುಯ್ದರೆ ಒಳಗೆ ಬಿಳಿ ಹುಳ ಮಿಜಿಮಿಜಿ ಅಂತವೆ. ನಿನ್ನ ಬಲೆ ಸುಳ್ಳೋ, ನನ್ನ ಕಣ್ಣು ಸುಳ್ಳೋ?

— ಎರಡೂ ಸುಳ್ಳಲ್ಲ ಚಿಕ್ಕಪ್ಪ. ಬಾಟಲೀಲಿ ಬಿದ್ದಿರೋವೆಲ್ಲ ಗಂಡು. ಹಣ್ಣಿಗೆ ಚುಚ್ಚಿ ಸಿಪ್ಪೆ ಕೆಳಗೆ ಮೊಟ್ಟೆ ಇಡೋದು ಹೆಣ್ಣು. ಅದು ಈ ಬಾಟಲಿ ಕಡೆ ತಿರುಗಿಯೂ ನೋಡಲ್ಲ.

— ಅಂಗಡಿಯೋನು ಹಂಗನ್ನಲಿಲ್ಲವಲ್ಲ. ಎಕರೆಗೆ ಎಂಟು ಕಟ್ಟಿ ಯಜಮಾನ್ರೇ, ಮರೆತುಬಿಡಿ ಅಂದ.

— ಕಟ್ಟಿ ಅಂದಿದ್ದು ಸರಿ. ಎಕರೆಗೆ ಆರೆಂಟು ಅಂತ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರೂ ಹೇಳ್ತಾರೆ. ಮರೆತುಬಿಡಿ ಅಂದಿದ್ದೇ ತಪ್ಪು. ಕಟ್ಟಿದ ಮೇಲೆ ವಾರಕ್ಕೊಂದು ಸಲ ಇಳಿಸಿ ಎಣಿಸಬೇಕು. ನೀವು ಎಷ್ಟು ಸಲ ಎಣಿಸಿದ್ರಿ?

— ಸತ್ತ ನೊಣ ಎಣಿಸ್ಕೊಂಡು ಕೂರೋಕೆ ನನಗೇನು ಕೆಲಸ ಇಲ್ಲವಾ? ಕುರಿ ಎಣಿಸೋದೇ ಸಾಕಾಗೈತೆ.

— ಪಂಚಾಯ್ತಿ ಹತ್ರ ಮಳೆ ಅಳೆಯೋ ಡಬ್ಬ ಇಟ್ಟಿರ್ತಾರಲ್ಲ, ಅದರಿಂದ ಕೆರೆ ತುಂಬುತ್ತೆ ಅಂತ ಯಾರೂ ಅಂದ್ಕೊಳಲ್ಲ. ಈ ಬಾಟಲೀನೂ ಮೊದಲಿಗೆ ಅಂಥದ್ದೇ. ತೋಟದೊಳಗೆ ನೊಣ ಎಷ್ಟಿದೆ, ಹೋದ ವಾರಕ್ಕಿಂತ ಏರಿದೆಯಾ, ಇಳಿದಿದೆಯಾ ಅಂತ ತಿಳಿಸೋಕೆ. ಕೊಲ್ಲೋದು ಅದರ ಎರಡನೇ ಕೆಲಸ. ಆ ಕೆಲಸಾನೂ ಒಂಟಿ ತೋಟದಲ್ಲಿ ಅರ್ಧಂಬರ್ಧ.

— ಯಾಕೆ ಅರ್ಧಂಬರ್ಧ? ಗಂಡೇ ಇಲ್ಲದಿದ್ದರೆ ಹೆಣ್ಣು ಏನು ಮಾಡ್ತದೆ?

— ಒಂದು ಗಂಡು ಒಂದೇ ಹೆಣ್ಣನ್ನ ಕೂಡಿ ಸುಮ್ನಾಗಲ್ಲ. ಹತ್ತರಲ್ಲಿ ಎಂಟು ಗಂಡು ಬಾಟಲಿಗೆ ಬಿದ್ದು ಸತ್ತರೂ ಉಳಿದ ಎರಡು ಹೆಣ್ಣುಗಳಿಗೆಲ್ಲ ಸಾಕಾಗಬಹುದು. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಗಂಡು ಹೆಚ್ಚುಕಡಿಮೆ ಪೂರ್ತಿ ಖಾಲಿ ಆದರೆ ಮಾತ್ರ ಸಂತಾನ ನಿಲ್ಲೋದು. ಅಷ್ಟೊತ್ತಿಗೆ ಪಕ್ಕದ ತೋಟದಿಂದ ಹೊಸ ಗಂಡು ಬಂದಿರ್ತವೆ. ಬಸಿರಾದ ಹೆಣ್ಣೂ ಬಂದಿರ್ತವೆ.

— ಹಂಗಾದ್ರೆ ಇದು ಎಲ್ಲೂ ಗೆದ್ದೇ ಇಲ್ಲ ಅನ್ನು.

— ಗೆದ್ದಿದೆ, ದ್ವೀಪಗಳಲ್ಲಿ. ಪೆಸಿಫಿಕ್ ಸಾಗರದಲ್ಲಿ ರೋಟಾ ಅಂತ ಪುಟ್ಟ ದ್ವೀಪ. 1960ರ ದಶಕದ ಮೊದಲಲ್ಲಿ ಅಮೆರಿಕದವರು ಈ ಬಾಟಲೀಲಿರೋ ವಾಸನೆಗೇ ವಿಷ ಸೇರಿಸಿ, ಕಬ್ಬಿನ ನಾರಿನ ಹಲಗೆ ತುಂಡುಗಳಿಗೆ ಕುಡಿಸಿ, ವಿಮಾನದಿಂದ ಉದುರಿಸಿದರು. ಇದೇ ಜಾತಿ ನೊಣ ಅಲ್ಲಿ ನಿರ್ನಾಮ ಆಯ್ತು. ಜಪಾನಿನವರು ತಮ್ಮ ತೆಂಕಣ ದ್ವೀಪಗಳಲ್ಲಿ ಒಂದಾದ ಮೇಲೊಂದರಂತೆ ಇದನ್ನೇ ಮಾಡಿ 1986ಕ್ಕೆ ಮುಗಿಸಿದರು. ಸುತ್ತ ಉಪ್ಪುನೀರು. ಸತ್ತ ಗಂಡಿನ ಜಾಗಕ್ಕೆ ಹಾರಿ ಬರೋ ಗಂಡಿಲ್ಲ.

— ನಮ್ಮ ಸುತ್ತ ನೀರೆಲ್ಲಿ ತಾಯಿ, ಕುಡಿಯೋಕೇ ಇಲ್ಲ. ಸರಿ, ಈ ಬಾಟಲೀಲಿ ಇರೋದು ಹೆಣ್ಣಿನ ವಾಸನೇನಾ? ಮೂತಿ ಹತ್ರ ಹಿಡಿದರೆ ಲವಂಗದ ಹಂಗೆ ಘಾಟು ಹೊಡೀತೈತೆ.

— ನಿಮ್ಮ ಮೂಗು ಚುರುಕಿದೆ. ಇದು ಹೆಣ್ಣಿನ ವಾಸನೆ ಅಲ್ಲ, ಗಿಡದ್ದು. ಮಿಥೈಲ್ ಯೂಜಿನಾಲ್ ಅಂತಾರೆ, ಲವಂಗದ ಎಣ್ಣೆಯ ಹತ್ತಿರದ ನೆಂಟ. ಚಿಕ್ಕಮ್ಮನ ತುಳಸಿ ಕಟ್ಟೇಲೂ ಇದೆ.

— ಅದಕ್ಕೇ ಅವಳು ಹೇಳ್ತಿದ್ಲು, ತುಳಸಿ ಚಿಗುರು ಚಿವುಟಿದಾಗ ಎಲ್ಲಿಂದಲೋ ಕಣಜದಂಥ ನೊಣ ಬಂದು ಕೂತ್ಕೋತವೆ ಅಂತ. ನಾನು ಏನೋ ದೈವದ ವಿಚಾರ ಅಂತ ಸುಮ್ನಿದ್ದೆ.

— ಅವೇ ಇವು, ಅವೂ ಗಂಡೇ. ತುಳಸಿ ಎಲೆ ಜಜ್ಜಿ ಬಲೆಗೆ ಹಾಕಿ ಪ್ರಯೋಗ ಮಾಡಿದವರೂ ಇದ್ದಾರೆ. ಈ ವಿದ್ಯೆ ಹುಟ್ಟಿದ್ದೂ ನಮ್ಮ ದೇಶದಲ್ಲೇ ಚಿಕ್ಕಪ್ಪ. ಬಿಹಾರದ ಪೂಸಾದಲ್ಲಿ ಬ್ರಿಟಿಷರ ಕಾಲದ ಕೃಷಿ ಸಂಶೋಧನಾ ಸಂಸ್ಥೆ ಇತ್ತು. ಅಲ್ಲಿ ಹೌಲೆಟ್ ಅಂತ ಕೀಟಶಾಸ್ತ್ರಜ್ಞ. ಅವನ ನೆರೆಮನೆಯವರು ಸೊಳ್ಳೆ ಕಾಟಕ್ಕೆ ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಾಕ್ಕೊಂಡಿದ್ರು. ಸೊಳ್ಳೆ ಹೋಯ್ತೋ ಇಲ್ಲವೋ, ಇದೇ ಬಳಗದ ನೊಣಗಳು ಬಂದು ಕರವಸ್ತ್ರಕ್ಕೆ ಮುತ್ತಿದವು. ಹೌಲೆಟ್ ಹಿಡಿದು ನೋಡಿದ, ಎಲ್ಲಾ ಗಂಡು. 1912ರಲ್ಲಿ ಅದನ್ನ ಬರೆದ. ಆ ಎಣ್ಣೆಯೊಳಗೆ ಕರೆಯುತ್ತಿರೋದು ಯಾವುದು ಅಂತ ಹುಡುಕ್ತಾ ಹೋಗಿ 1915ಕ್ಕೆ ಮಿಥೈಲ್ ಯೂಜಿನಾಲ್ ಹೆಸರು ಹೇಳಿದ.

— ಗಂಡಿಗೆ ಆ ವಾಸನೆ ಮೇಲೆ ಅಷ್ಟು ಆಸೆ ಯಾಕೆ? ಹೊಟ್ಟೆಗೋ?

— ಹೊಟ್ಟೆಗಿಂತ ಹೆಚ್ಚಾಗಿ ಮದುವೆಗೆ. ಗಂಡು ಇದನ್ನ ನೆಕ್ಕಿ, ಮೈಯೊಳಗೆ ಬದಲಾಯಿಸಿ, ಹಿಂಭಾಗದ ಗ್ರಂಥೀಲಿ ಕೂಡಿಟ್ಟು, ಸಂಜೆ ಹೊತ್ತು ಆ ಕಂಪು ಬಿಟ್ಟು ಹೆಣ್ಣನ್ನ ಕರೆಯುತ್ತೆ. ಇದನ್ನ ತಿಂದ ಗಂಡಿಗೆ ತಿನ್ನದ ಗಂಡಿಗಿಂತ ಬೇಗ ಹೆಣ್ಣು ಒಲಿಯುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದ್ದಾರೆ. ಇನ್ನು ನಿಜವಾಗಿ ಹೆಣ್ಣಿನ ವಾಸನೆಯ ಲೂರ್, ಅಂದ್ರೆ ಬಲೆಗೆ ಸೆಳೆಯೋ ವಸ್ತು, ಬೇರೆ. ನೀವು ರೇಷ್ಮೆ ಮಾಡ್ತಿದ್ದಾಗ ಮಾರದೆ ಉಳಿದ ಗೂಡಿನಿಂದ ಚಿಟ್ಟೆ ಬರ್ತಿತ್ತಲ್ಲ?

— ಹ್ಞೂ, ಗಂಡು ಚಿಟ್ಟೆ ಹಾರೋಕೆ ಬರದಿದ್ರೂ ರೆಕ್ಕೆ ಬಡ್ಕೊಂಡು ಹೆಣ್ಣಿನ ಸುತ್ತ ಸುತ್ತೋದು. ಬೊಂಬೆ ಕುಣಿದಂಗೆ.

— ಆ ಕುಣಿತಕ್ಕೆ ಕಾರಣ ಹುಡುಕಿದವನು ಜರ್ಮನಿಯ ಬುಟೆನಾಂಟ್. ಐದು ಲಕ್ಷ ಹೆಣ್ಣು ಚಿಟ್ಟೆಗಳ ಗ್ರಂಥಿ ಕತ್ತರಿಸಿ, ಸುಮಾರು ಇಪ್ಪತ್ತು ವರ್ಷ ದುಡಿದು, 1959ರಲ್ಲಿ ಆ ವಸ್ತು ಇಂಥದ್ದು ಅಂತ ಹೇಳಿದ. ಕೈಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಒಂದೇ ಜಾತಿಯವು ಒಂದನ್ನೊಂದು ಕರೆಯೋ ಇಂಥ ವಾಸನೆಗೆ ಫೆರೊಮೋನ್ ಅಂತಾರೆ, ಜಗತ್ತಿನಲ್ಲಿ ರಚನೆ ಗೊತ್ತಾದ ಮೊದಲನೇದು ಅದು. ಆಮೇಲೆ ಒಂದೊಂದು ಹುಳದ ವಾಸನೇನೂ ಹುಡುಕಿ ಕಾರ್ಖಾನೇಲಿ ಮಾಡೋಕೆ ಕಲಿತರು. ತೆಂಗಿನ ಕೆಂಪು ಮೂತಿ ಹುಳಕ್ಕೆ ಬಕೆಟ್ ಕಟ್ತಾರಲ್ಲ, ಅದರಲ್ಲಿರೋದು ಗಂಡು ಹುಳ ಬಿಡೋ ವಾಸನೆ. ಅದಕ್ಕೆ ಗಂಡೂ ಬರುತ್ತೆ, ಹೆಣ್ಣೂ ಬರುತ್ತೆ. ಹಾಗಾಗಿ ಅದು ಕೊಲ್ಲೋದಕ್ಕೆ ಇದಕ್ಕಿಂತ ಚೆನ್ನಾಗಿ ಒದಗುತ್ತೆ. ಆದರೆ ತೋಟದ ನಡುಮಧ್ಯೆ ಕಟ್ಟಿದ್ರೋ, ಊರಿನ ಹುಳನೆಲ್ಲ ಮನೆಗೆ ಕರೆದ ಹಾಗೆ. ಅಂಚಿನಲ್ಲಿ ಕಟ್ಟಬೇಕು.

— ದಾಳಿಂಬೆಗೆ ಯಾವ ವಾಸನೆ? ಮಧುಗಿರಿ ಕಡೆ ನಮ್ಮ ಬೀಗರು ದಾಳಿಂಬೆ ಹಾಕವ್ರೆ. ಅವರ ಊರಾಗೂ ಒಬ್ಬ ಬಲೆ ಮಾರೋಕೆ ಬಂದಿದ್ದನಂತೆ.

— ಯಾವ ಹುಳಕ್ಕೆ ಅಂತ ಕೇಳಿದ್ರಂತಾ? ಒಂದು ಲೂರ್ ಒಂದು ಜಾತಿಗೆ, ಹೆಚ್ಚೆಂದರೆ ಅದರ ಹತ್ತಿರದ ಬಳಗಕ್ಕೆ. ದಾಳಿಂಬೆ ಕಾಯಿ ಕೊರೆಯೋ ಹುಳ ಹಗಲು ಹಾರೋ ಪಾತರಗಿತ್ತಿಯದು. ಅದು ಸಂಗಾತಿಯನ್ನ ಹುಡುಕೋದು ಹೆಚ್ಚಾಗಿ ಕಣ್ಣಿಂದ. ಅದಕ್ಕೆ ಕಾಯಿ ಸಣ್ಣದಿರುವಾಗಲೇ ಚೀಲ ಕಟ್ಟೋದು ಮೇಲು. ಇನ್ನು ರಾತ್ರಿ ಬಂದು ಹಣ್ಣಿಗೆ ಕೊಳವೆ ಚುಚ್ಚಿ ರಸ ಹೀರೋ ದೊಡ್ಡ ಪತಂಗ. ಅದರ ಮರಿಹುಳ ದಾಳಿಂಬೆ ಮುಟ್ಟೋದೇ ಇಲ್ಲ, ಬೇಲಿ ಮೇಲಿನ ಅಮೃತಬಳ್ಳಿ ತಿಂದು ಬೆಳೆಯುತ್ತೆ. ಅಲ್ಲಿ ಬೇಲಿ ನೋಡಬೇಕು, ರಾತ್ರಿ ಬ್ಯಾಟರಿ ಹಿಡಿದು ತೋಟ ಸುತ್ತಬೇಕು. ನಿಮ್ಮ ಮಾವಿನಲ್ಲೂ ಅಷ್ಟೇ, ಹೂವಿನ ಜಿಗಿ ಹುಳಕ್ಕೆ ಈ ಬಾಟಲಿ ಕೆಲಸಕ್ಕೆ ಬರಲ್ಲ, ಓಟೆ ಹುಳಕ್ಕೂ ಬರಲ್ಲ. ಹೋದ ವರ್ಷ ಒಂದು ತೋಟದಲ್ಲಿ ಕಾಯಿಕೊರಕದ ಲೂರ್ ಮಾವಿನ ಮರಕ್ಕೆ ನೇತು ಹಾಕಿದ್ದರು, ತೊಗರಿ ಹೊಲಕ್ಕೆ ಹಾಕೋದು! ಒಂದು ನೊಣಾನೂ ಬಿದ್ದಿರಲಿಲ್ಲ. ನಮ್ಮಲ್ಲಿ ಊಜಿ ಇಲ್ಲ ಅಂತ ಅವರು ಖುಷಿಯಾಗಿದ್ದರು.

— ತೋಟದ ವಿಚಾರ ಶಿರಾದೋರಿಗೆ ಹೇಳಿಕೊಡೋಕೆ ಬರ್ತೀಯಲ್ಲ ನೀನು. ಇಲ್ಲಿನ ಖಾನ್ ಬಾಗ್ ನೋಡ್ಕೊಂಡೇ ಹೈದರಾಲಿ ಬೆಂಗಳೂರಾಗೆ ಲಾಲ್‌ಬಾಗ್ ಮಾಡಿಸಿದ ಅಂತಾರೆ.

— ಅಂತಾರೆ. ಈಗ ಆ ಬಾಗ್ ಎಲ್ಲಿದೆ ಅಂತ ನೀವೇ ತೋರಿಸಬೇಕು.

— ಹೋಗ್ಲಿ ಬಿಡು. ಎಣಿಸಿದೆ ಅಂತ ಇಟ್ಕೋ. ಹತ್ತಿದ್ದಿದ್ದು ನೂರಾಯ್ತು. ಆವಾಗ ನಾನೇನು ಮಾಡ್ಬೇಕು? ಬಾಯಿ ಬಡ್ಕೋಬೇಕಾ?

— ಅಲ್ಲೇ ಇರೋದು ವಿಷಯ. ಹಣ್ಣಿನೊಳಗೆ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತೆ. ಹುಳ ವಾರ ಹತ್ತು ದಿನ ತಿರುಳು ತಿಂದು, ಹಣ್ಣಿನಿಂದ ಹೊರಗೆ ನೆಗೆದು, ಮಣ್ಣಿಗೆ ಇಳಿಯುತ್ತೆ. ಎರಡು ಮೂರು ಬೆರಳು ಆಳದಲ್ಲಿ ಕೋಶ ಕಟ್ಕೊಂಡು ಇನ್ನೊಂದು ವಾರ ಹತ್ತು ದಿನ ಇದ್ದು ನೊಣವಾಗಿ ಬರುತ್ತೆ. ಬಂದ ದಿನವೇ ಹೆಣ್ಣು ಮೊಟ್ಟೆ ಇಡಲ್ಲ. ಮೊಟ್ಟೆ ಬಲಿಯೋಕೆ ಅದಕ್ಕೆ ಪ್ರೋಟೀನ್ ಬೇಕು, ಒಂದು ವಾರವಾದರೂ ಅಲ್ಲಿ ಇಲ್ಲಿ ನೆಕ್ಕಿ ತಿರುಗುತ್ತೆ. ಬಾಟಲೀಲಿ ಗಂಡು ಇದ್ದಕ್ಕಿದ್ದಂತೆ ಏರಿದರೆ ಹೊಸ ತಲೆಮಾರು ಮಣ್ಣಿಂದ ಎದ್ದಿದೆ, ಜೊತೆಗೆ ಹೆಣ್ಣೂ ಎದ್ದಿವೆ, ಇನ್ನೂ ಚುಚ್ಚೋಕೆ ಶುರು ಮಾಡಿಲ್ಲ ಅಂತ ತಿಳ್ಕೊಬಹುದು. ಆ ಕೆಲವು ದಿನಗಳೇ ನಿಮ್ಮ ಕೈಲಿರೋದು. ಪ್ರೋಟೀನ್ ಇಲ್ಲವೇ ಬೆಲ್ಲದ ನೀರಿಗೆ ಸ್ವಲ್ಪ ಔಷಧಿ ಬೆರೆಸಿ ಕಾಂಡಕ್ಕೆ, ಎಲೆಯ ಕೆಳಗೆ ಅಲ್ಲಲ್ಲಿ ಚಿಮುಕಿಸಿದರೆ ಹಸಿದ ಹೆಣ್ಣು ಬಂದು ನೆಕ್ಕಿ ಸಾಯುತ್ತೆ. ಹಣ್ಣಿಗೆ ತಾಗಿಸಬಾರದು. ಚುಚ್ಚಿ ಆದ ಮೇಲೆ ನೀವು ಮರಕ್ಕೆ ಎಷ್ಟು ಔಷಧಿ ಸುರಿದರೂ ಸಿಪ್ಪೆಯೊಳಗಿನ ಮೊಟ್ಟೆ ನಗ್ತಾ ಇರುತ್ತೆ.

— ನಾವು ಅದನ್ನೇ ಮಾಡೋದು. ಹಣ್ಣು ಉದುರೋಕೆ ಶುರುವಾದ ಮೇಲೆ ಪಂಪ್ ಹೊರಗೆ ತೆಗೆಯೋದು.

— ಎಲ್ಲರೂ ಅದನ್ನೇ ಮಾಡೋದು. ಅಮೆರಿಕದ ಸೇಬಿನ ತೋಟದವರು ಪತಂಗದ ಬಲೆಯನ್ನ ಗಡಿಯಾರದ ಥರ ಬಳಸ್ತಾರೆ. ಗಂಡು ಮೊದಲು ಸಾಲಾಗಿ ಬೀಳೋಕೆ ಶುರುವಾದ ದಿನ ಗುರುತು ಮಾಡಿ, ಅಲ್ಲಿಂದ ದಿನದಿನದ ಬಿಸಿಲಿನ ಕಾವು ಕೂಡಿಸ್ತಾ ಹೋಗಿ, ಇಂಥ ದಿನಕ್ಕೆ ಮೊಟ್ಟೆ ಒಡೆಯುತ್ತೆ ಅಂತ ಲೆಕ್ಕ ಹಾಕಿ ಆ ದಿನವೇ ಔಷಧಿ ಹೊಡೀತಾರೆ.

— ನಮಗೂ ಒಂದು ಲೆಕ್ಕ ಐತೆ ಕಣಮ್ಮ. ಭರಣಿ ಕೃತ್ತಿಕೇಲಿ ಕುಯ್ದ ಬಾದಾಮಿಗೆ ಊಜಿ ಕಮ್ಮಿ. ರೋಹಿಣಿ ದಾಟಿ ಮೃಗಶಿರಕ್ಕೆ ಬಂತಾ, ನೀಲಂ ಕೈಗೆ ಬಂದಂಗೇ.

— ಸರಿಯಾಗಿದೆ. ಮಳೆ ಬಿದ್ದು ಮಣ್ಣು ನೆನೆದ ಮೇಲೆ ನೊಣ ಹೆಚ್ಚುತ್ತೆ, ಮಾಗೋ ಹಣ್ಣೂ ಆಗ ಹೇರಳ. ನಿಮ್ಮ ಲೆಕ್ಕ ಸಾಮಾನ್ಯ ವರ್ಷಕ್ಕೆ ಒದಗುತ್ತೆ. ಏಪ್ರಿಲ್‌ನಲ್ಲೇ ಮಳೆ ಹುಯ್ದ ವರ್ಷ ಕೈ ಕೊಡುತ್ತೆ. ಆವಾಗ ಬಾಟಲಿ ಹೇಳಿದ್ದನ್ನ ಕೇಳಬೇಕು. ಅದಕ್ಕೇ ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮುಂಚೆ ಕಟ್ಟಿ ಅನ್ನೋದು. ನೀವು ಕಟ್ಟಿದ್ದು ಯಾವಾಗ?

— ಅಂಗಡಿಯೋನು ಕೊಟ್ಟಾಗ.

— ಅಂದ್ರೆ ಹೋದ ವಾರ. ಬಿಸಿಲಿಗೆ ಕಟ್ಟಿದ್ದೀರ, ಲೂರ್ ಬೇಗ ಆರುತ್ತೆ. ಆಳೆತ್ತರದಲ್ಲಿ, ಕೊಂಬೆ ನೆರಳಿಗೆ ಕಟ್ಟಿ. ತಂತಿಗೆ ಗ್ರೀಸ್ ಸವರಿ, ಇಲ್ಲದಿದ್ರೆ ಇರುವೆ ಸತ್ತ ನೊಣ ಹೊತ್ಕೊಂಡು ಹೋಗಿ ಲೆಕ್ಕ ತಪ್ಪಿಸ್ತವೆ. ತಳಕ್ಕೆ ಸಣ್ಣ ತೂತು ಮಾಡಿ, ಮಳೆ ನೀರು ನಿಲ್ಲಬಾರದು. ಬಿದ್ದದ್ದೆಲ್ಲ ಇದೇ ನೊಣವಾ ಅಂತಲೂ ನೋಡ್ಕೋಬೇಕು. ಬೆನ್ನಿನ ಎರಡೂ ಬದಿಗೆ ಹಳದಿ ಪಟ್ಟೆ, ಹೊಟ್ಟೆ ಮೇಲೆ ಇಂಗ್ಲಿಷ್ ಟಿ ಅಕ್ಷರದ ಕಪ್ಪು ಗುರುತು. ಮನೆ ನೊಣ ಬಿದ್ದಿದ್ದರೆ ಅದನ್ನ ಎಣಿಸಬೇಡಿ.

— ಇಷ್ಟೆಲ್ಲ ಮಾಡಿದ ಮೇಲೂ ಪಕ್ಕದೋರ ಸೀಬೆ ತೋಟ ಐತಲ್ಲ. ಅವರು ಒಂದು ಬಾಟಲೀನೂ ಕಟ್ಟಿಲ್ಲ. ಹಣ್ಣು ಉದುರಿ ಕೊಳೀತಾ ಬಿದ್ದವೆ. ಅಲ್ಲಿಂದ ಬರೋದಕ್ಕೆ ನಾನೇನು ಮಾಡ್ಲಿ?

— ಅದೇ ದೊಡ್ಡ ತೊಡಕು. ಇದೇ ನೊಣ ಸೀಬೆ, ಸಪೋಟ, ಮಾವು ಎಲ್ಲದಕ್ಕೂ ಹೋಗುತ್ತೆ. ಮಾವು ಮುಗಿದ ಮೇಲೆ ಸೀಬೇಲಿ ಸಂಸಾರ ನಡೆಸಿ ಮತ್ತೆ ನಿಮ್ಮ ತೋಟಕ್ಕೆ ಬರುತ್ತೆ. ಹವಾಯಿಯಲ್ಲಿ ಇದಕ್ಕೇ ತೋಟ ತೋಟಕ್ಕೆ ಮದ್ದು ಮಾಡೋದು ಬಿಟ್ಟು ಒಂದು ಇಡೀ ಪ್ರದೇಶದ ರೈತರು, ಹಿತ್ತಲಲ್ಲಿ ಎರಡು ಮರ ಇರೋರು, ಎಲ್ಲರನ್ನೂ ಸೇರಿಸಿ ಒಟ್ಟಿಗೆ ಮಾಡಿದರು.

— ಹವಾಯಿ ಯಾಕೆ, ನಾವೇ ಮಾಡಿದ್ದೀವಿ. ಇಲ್ಲೆಲ್ಲ ಶೇಂಗಾನೇ ಇದ್ದ ಕಾಲ. ಪಾವಗಡದಿಂದ ಇಲ್ಲೀವರೆಗೂ ಕೆಂಪು ತಲೆ ಕಂಬಳಿ ಹುಳ. ಒಂದು ಹೊಲ ಮುಗಿಸಿ ದಂಡು ಕಟ್ಕೊಂಡು ರಸ್ತೆ ದಾಟಿ ಇನ್ನೊಂದು ಹೊಲಕ್ಕೆ ಹೋಗೋವು. ಮೊದಲ ಜೋರು ಮಳೆ ಬಿದ್ದ ರಾತ್ರಿ ಪತಂಗ ಏಳ್ತವೆ ಅಂತ ಗೊತ್ತಿತ್ತು. ಬದುಗಳ ಮೇಲೆ ಸೀಮೆಜಾಲಿ ಮುಳ್ಳು ಒಟ್ಟಿ ಬೆಂಕಿ ಹಾಕ್ತಿದ್ವಿ. ಊರೋರೆಲ್ಲ ಒಂದೇ ರಾತ್ರಿ. ಒಬ್ಬ ಹಾಕಿ ಒಬ್ಬ ಬಿಟ್ಟರೆ ಪ್ರಯೋಜನ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

— ನೋಡಿ, ನಾನು ಹವಾಯಿವರೆಗೆ ಹೋಗಿ ಬಂದೆ. ಬೆಂಕಿಗೆ ಹೆಣ್ಣು ಪತಂಗವೂ ಬೀಳ್ತಿದ್ದವು, ಈ ಬಾಟಲಿಗೆ ಬೀಳಲ್ಲ, ಅಷ್ಟೇ ವ್ಯತ್ಯಾಸ. ಆ ಒಗ್ಗಟ್ಟು ಈಗ ಯಾಕಿಲ್ಲ?

— ಈಗ ತೋಟ ಯಾರ ಕೈಲೈತೆ? ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟುಬಿಡ್ತೀವಿ. ಗುತ್ತಿಗೆಯೋನು ಕಾಯಿ ಕೀಳೋವರೆಗೆ ಗುಡಿಸಲು ಹಾಕ್ಕೊಂಡು ಇರ್ತಾನೆ, ಆಮೇಲೆ ಲಾರಿ ಹತ್ತಿಸ್ಕೊಂಡು ಹೋಗ್ತಾನೆ. ಮುಂದಿನ ವರ್ಷ ಅವನೇ ಬರ್ತಾನೋ ಇಲ್ಲವೋ. ಮುಂದಿನ ವರ್ಷದ ಊಜಿ ಚಿಂತೆ ಅವನಿಗ್ಯಾಕೆ? ನಮಗೋ, ದುಡ್ಡು ಆಗಲೇ ಕೈಗೆ ಬಂದಿರ್ತದೆ. ಈ ಎರಡು ಸಾಲು ನೀಲಂ ಮನೆಗೆ ಅಂತ ಉಳಿಸ್ಕೊಂಡಿದ್ದಕ್ಕೆ ನನಗೆ ಹುಳ ಕಂಡಿದ್ದು. ಇಲ್ಲದಿದ್ರೆ ಅದೂ ಇಲ್ಲ.

— ಅಂದ್ರೆ ಆರೇಳು ತಿಂಗಳು ನೊಣಕ್ಕೆ ವಾರಸುದಾರರೇ ಇಲ್ಲ. ನಿಜ ಹೇಳಬೇಕೂಂದ್ರೆ ಬಲೆಗಿಂತ ದೊಡ್ಡ ಕೆಲಸ ನಿಮ್ಮ ಕಾಲಡಿ ಇದೆ. ಬಿದ್ದ ಹಣ್ಣು. ಒಂದೊಂದರಲ್ಲೂ ಹತ್ತಾರು ಹುಳ ಮಣ್ಣಿಗೆ ಇಳಿಯೋಕೆ ಕಾದಿದೆ. ವಾರಕ್ಕೆ ಎರಡು ಸಲ ಆಯ್ದು, ಎರಡು ಮೂರು ಅಡಿ ಗುಂಡೀಲಿ ಹಾಕಿ ಮಣ್ಣು ಮುಚ್ಚಬೇಕು. ಇಲ್ಲವೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಬಿಸಿಲಿಗೆ ಹಾಕಬೇಕು. ಹವಾಯಿಯವರು ಒಂದು ಡೇರೆ ಮಾಡ್ಕೊಂಡಿದ್ದಾರೆ. ಬಿದ್ದ ಹಣ್ಣೆಲ್ಲ ಅದರೊಳಗೆ ಹಾಕೋದು. ಮೇಲೆ ಜಾಲರಿ, ನೊಣ ಹೊರಗೆ ಬರೋಕೆ ಆಗಲ್ಲ, ಆದರೆ ನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಬೆಳೆಯೋ ಸಣ್ಣ ಕಣಜ ತೂರಿ ಹೋಗಬಹುದು. ವೈರಿಗೆ ಸೆರೆ, ವೈರಿಯ ವೈರಿಗೆ ಬಿಡುಗಡೆ.

— ಅದು ಚೆನ್ನಾಗೈತೆ. ನಾನು ಕುರಿ ಬಿಡ್ತೀನಿ ತೋಟಕ್ಕೆ. ಬಿದ್ದದ್ದನ್ನೆಲ್ಲ ಅವೇ ತಿಂತವೆ.

— ತಿಂದಷ್ಟೂ ಒಳ್ಳೇದೇ. ಆದರೆ ಕೊಳೆತದ್ದನ್ನ ಮೂಸಿ ಬಿಟ್ಟು ಹೋಗ್ತವೆ ಅಲ್ವಾ? ಹುಳ ಹೆಚ್ಚಿರೋದು ಅದರಲ್ಲೇ.

— ಹ್ಞೂ, ಬಿಡ್ತವೆ. ಜಾಸ್ತಿ ತಿಂದರೂ ಕಷ್ಟ, ಹೊಟ್ಟೆ ಉಬ್ಬರಿಸಿ ಬೀಳ್ತವೆ. ಹುಡುಗನ್ನ ಕಾವಲಿಗೆ ಕಳಿಸಬೇಕು. ಅಲ್ಲಮ್ಮ, ಇಷ್ಟೆಲ್ಲ ಒದ್ದಾಡಿದರೆ ಬೆಲೆಯಾದ್ರೂ ಜಾಸ್ತಿ ಸಿಗ್ತದಾ? ಮಂಡೀಲಿ ಹುಳ ಇಲ್ಲದ ಹಣ್ಣಿಗೂ ಅದೇ ರೇಟು, ಇರೋದಕ್ಕೂ ಅದೇ ರೇಟು, ಹೊರಗಿಂದ ಕಾಣೋದಿಲ್ಲವಲ್ಲ.

— ಮಂಡೀಲಿ ಕಾಣಲ್ಲ, ಲಂಡನ್ನಿನಲ್ಲಿ ಕಾಣುತ್ತೆ. 2014ರ ಮೇ ಒಂದರಿಂದ ಯೂರೋಪಿನವರು ನಮ್ಮ ದೇಶದ ಮಾವನ್ನೂ ಕೆಲವು ತರಕಾರಿಗಳನ್ನೂ ನಿಲ್ಲಿಸಿಬಿಟ್ಟರು. ಹಿಂದಿನ ವರ್ಷ ಕಳಿಸಿದ ಹಣ್ಣು ತರಕಾರೀಲಿ ಇನ್ನೂರಕ್ಕೂ ಹೆಚ್ಚು ಸರಕುಗಳಲ್ಲಿ ಹುಳ ಸಿಕ್ಕಿತ್ತು, ಅದರಲ್ಲಿ ಹಣ್ಣುನೊಣವೂ ಇತ್ತು. ಮಾವಿನ ಮೇಲಿನ ನಿಷೇಧ ತೆಗೆದದ್ದು 2015ರಲ್ಲಿ. ಅದಕ್ಕೆ ಹಣ್ಣನ್ನ 48 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ ಮೊಟ್ಟೆ ಸಾಯಿಸೋ ವ್ಯವಸ್ಥೆ ಬಂತು. ಆದರೆ ಬಿಸಿ ನೀರು ಹುಳ ಸಾಯಿಸುತ್ತೆ, ಹುಳ ತಿಂದ ತಿರುಳನ್ನ ವಾಪಸ್ ಕೊಡಲ್ಲ. ನಮ್ಮ ನೀಲಂ ಲಂಡನ್ನಿಗೆ ಹೋಗಲ್ಲ, ಒಪ್ತೀನಿ. ತುಮಕೂರಿಗೆ ಹೋಗುತ್ತಲ್ಲ, ಅಲ್ಲಿಯೋರೂ ಹೆಚ್ಚಿಕೊಂಡೇ ತಿನ್ನೋದು.

— ನೀನು ಹೇಳೋದು ಕೇಳಿದರೆ ಗುತ್ತಿಗೆ ಚೀಟೀಲೇ ಬರೆಸಬೇಕು. ಬಾಟಲಿ ನಂದು, ಬಿದ್ದ ಹಣ್ಣು ಆಯೋದು ಅವನ್ದು ಅಂತ.

— ಅವನು ಒಪ್ಪಲಿಲ್ಲ ಅಂದ್ರೆ?

— ಒಪ್ತಾನೆ, ಗುತ್ತಿಗೇಲಿ ಒಂದಿಷ್ಟು ಕಡಿಮೆ ಮಾಡು ಅಂತಾನೆ. ಮಾಡ್ತೀನಿ. ಸೀಬೆ ತೋಟದೋನ್ದೇ ಕಷ್ಟ. ಬದುವಿನ ಜಗಳ ಆದಮೇಲೆ ಅವನಿಗೂ ನನಗೂ ಮಾತಿಲ್ಲ.

— ಚಿಕ್ಕಮ್ಮನಿಗೂ ಅವರ ಮನೆಯವರಿಗೂ ಮಾತಿದೆಯಲ್ಲ? ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರನ್ನ ಕರೆಸಿ, ನಿಮ್ಮ ತೋಟದಲ್ಲಿ ಬೇಡ, ಅವರ ತೋಟದಲ್ಲೇ ಒಂದು ದಿನ ಪ್ರಾತ್ಯಕ್ಷಿಕೆ ಮಾಡಿಸಿ ಅಂತ ಕೇಳೋಣ. ನೀವು ಹೋಗಿ ಹಿಂದೆ ನಿಂತ್ಕೊಳ್ಳಿ.

— ಅವನ ತೋಟದಾಗೆ ನಾನು ಹೋಗಿ ನಿಂತ್ಕೋಬೇಕಾ?

— ನಿಂತ್ಕೋಬೇಕು. ಅವರ ಬಾಟಲೀಲಿ ಎಷ್ಟು ಬಿದ್ದಿವೆ ಅಂತ ನೀವು ಎಣಿಸಬೇಕು, ನಿಮ್ಮದನ್ನ ಅವರು ಎಣಿಸಲಿ. ಮೋಸಕ್ಕೆ ಜಾಗ ಇರಲ್ಲ.

— ಅವನು ನನ್ನ ಲೆಕ್ಕಾನ ಹೆಚ್ಚು ಮಾಡೇ ಹೇಳ್ತಾನೆ ನೋಡ್ತಿರು. ಹೋಗು, ನಿಮ್ಮ ಚಿಕ್ಕಮ್ಮನ್ನ ಕರಿ. ಬರ್ತಾ ಗ್ರೀಸ್ ಡಬ್ಬಾನೂ ಎತ್ಕೊಂಡು ಬಾ, ಪಂಪ್ ಮನೇಲೈತೆ.